ಸುಮ್ಮನೆ ನಿಲ್ಲುವವನ ಆಟ: ಹಿಟ್‌ಮ್ಯಾನ್ 3

ಡೆನ್ಮಾರ್ಕಿನ ಐಒ ಇಂಟರಾಕ್ಟಿವ್ ಸಂಸ್ಥೆಯು 2016ರಲ್ಲಿ ಹೊಸದಾಗಿ ಕಟ್ಟಲು ತೊಡಗಿ, 2018ರಲ್ಲಿ ಮುಂದುವರಿಸಿದ ಮೂರು ಕಂತುಗಳ ಕಥೆಯನ್ನು 2021ರ ಜನವರಿ 20ರಂದು ಬಿಡುಗಡೆಯಾದ ಹಿಟ್‌ಮ್ಯಾನ್ 3 ಮುಗಿಸುತ್ತದೆ. ಬೋಳುತಲೆಯ, ಕತ್ತಿನ ಹಿಂಭಾಗದಲ್ಲಿ ಬಾರ್‌ಕೋಡ್ ಹಚ್ಚೆಯಿರುವ ಏಜೆಂಟ್ 47 ಎಂಬ ಬಾಡಿಗೆ ಹಂತಕ 2000ನೇ ಇಸವಿಯಿಂದಲೇ ಕಂಪ್ಯೂಟರ್ ಆಟಗಾರರಿಗೆ ಪರಿಚಿತನಾದರೂ, ಅವನ ಹುಟ್ಟು, ಅವನ ಒಡೆಯರು, ಅವನ ಸ್ವಂತ ಇಚ್ಛೆ ಇವೆಲ್ಲವೂ ಒಂದು ತೀರ್ಮಾನಕ್ಕೆ ಬರುವುದು ಇಲ್ಲಿಯೇ. ಸರಣಿಯ ಕೊನೆಯ ಕಂತೆಂದರೆ ಹೆಚ್ಚು ಸ್ಫೋಟ, ಹೆಚ್ಚು ಶತ್ರುಗಳು, ಹೆಚ್ಚು ಅಬ್ಬರ ಎಂದು ನಂಬಿರುವ ಉದ್ಯಮದಲ್ಲಿ ಈ ಆಟ ಬೇರೆ ದಾರಿ ಹಿಡಿದಿದೆ. ನಾಯಕನಿಗಿದ್ದ ಆಸರೆಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತ, ಅದರ ಜೊತೆಗೇ ಆಟಗಾರನಿಗಿದ್ದ ಆಸರೆಗಳನ್ನೂ ಕಿತ್ತುಕೊಳ್ಳುವುದರಲ್ಲಿಯೇ ಇದರ ಆಕರ್ಷಣೆ ಇದೆ ಎಂಬುದು ನನ್ನ ಅಭಿಪ್ರಾಯ.

ಆಟದ ಮೂಲ ಉಪಾಯ ವೇಷ. ಅಡುಗೆಯವನ ಬಟ್ಟೆ ತೊಟ್ಟರೆ ಅಡುಗೆಮನೆಗೆ, ಕಾವಲುಗಾರನ ಬಟ್ಟೆ ತೊಟ್ಟರೆ ಕಾವಲಿನ ಕೋಣೆಗೆ ಪ್ರವೇಶ ಸಿಗುತ್ತದೆ. ಆದರೆ ಅದೇ ಕೆಲಸದಲ್ಲಿರುವ ಮೇಲ್ವಿಚಾರಕರು ಹೊಸ ಮುಖವನ್ನು ಗುರುತಿಸಬಲ್ಲರು. ಅಂಥವರ ತಲೆಯ ಮೇಲೆ ಸಣ್ಣದೊಂದು ಬಿಳಿ ಚುಕ್ಕೆ ಕಾಣಿಸುತ್ತದೆ. ನಮ್ಮ ಕಡೆಯ ಮದುವೆ ಮನೆಯಲ್ಲಿ ಸಾರಿನ ಬಕೀಟು ಹಿಡಿದವನನ್ನು ಯಾರೂ ತಡೆದು ಯಾರ ಪೈಕಿ ಎಂದು ಕೇಳುವುದಿಲ್ಲ, ಬಡಿಸುವವರ ಮುಖಂಡನೊಬ್ಬ ಮಾತ್ರ ಕೇಳುತ್ತಾನೆ. ಇಡೀ ಆಟ ನಿಂತಿರುವುದು ಈ ತಿಳಿವಳಿಕೆಯ ಮೇಲೆಯೇ. ಗುರಿಯಾದವರ ಹೊರತು ಇನ್ನಾರ ಪ್ರಾಣವನ್ನೂ ತೆಗೆಯದೆ, ಯಾರ ಕಣ್ಣಿಗೂ ಬೀಳದೆ, ಕ್ಯಾಮೆರಾದಲ್ಲಿ ದಾಖಲಾಗದೆ ಹೊರಬಂದವರಿಗೆ ಸೈಲೆಂಟ್ ಅಸಾಸಿನ್ ಎಂಬ ಅತ್ಯುನ್ನತ ಶ್ರೇಣಿ ದೊರೆಯುತ್ತದೆ. ಬಂದೂಕು ಇದೆ, ಬಳಸಲು ಅಡ್ಡಿಯೂ ಇಲ್ಲ. ಆದರೆ ಬಳಸಿದ ಕ್ಷಣದಿಂದ ಆಟ ತನ್ನ ಸ್ವಾರಸ್ಯವನ್ನು ಕಳೆದುಕೊಂಡು ಸಾಧಾರಣ ಗುಂಡಿನ ಕಾಳಗವಾಗುತ್ತದೆ.

ಕಲಬುರಗಿಯಲ್ಲಿ ಕಾಲೇಜುಗಳ ಸುತ್ತಲಿನ ಗಲ್ಲಿಗಳಲ್ಲಿರುವ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಪಡೆಯುವ ಗೇಮಿಂಗ್ ಕೆಫೆಗಳಲ್ಲಿ ಈ ಆಟಕ್ಕೆ ಬೇಡಿಕೆ ಕಡಿಮೆ ಇರುವುದು ಸಹಜವೇ ಆಗಿದೆ. ಫುಟ್‌ಬಾಲ್ ಪಂದ್ಯವೋ ಗುಂಡಿನ ಕಾಳಗವೋ ಆದರೆ ಕೊಟ್ಟ ಹಣಕ್ಕೆ ನಿಮಿಷ ನಿಮಿಷವೂ ಲೆಕ್ಕ ಸಿಗುತ್ತದೆ. ಇಲ್ಲಿ ಒಂದು ಗಂಟೆಯಲ್ಲಿ ಮುಕ್ಕಾಲು ಪಾಲು ನೋಡುವುದರಲ್ಲಿ, ಕದ್ದು ಕೇಳುವುದರಲ್ಲಿ, ಕಾಯುವುದರಲ್ಲಿ ಕಳೆಯುತ್ತದೆ. ಅಂಥದೊಂದು ಕೆಫೆಯಲ್ಲಿ ದುಬೈನ ಗಗನಚುಂಬಿಯ ಕಂಬದ ಮರೆಯಲ್ಲಿ ನಾನು 47ನನ್ನು ನಿಲ್ಲಿಸಿಕೊಂಡಿದ್ದಾಗ ಹಿಂದೆ ನಿಂತಿದ್ದ ಹುಡುಗನೊಬ್ಬ ತಾಳ್ಮೆ ಕಳೆದುಕೊಂಡು, “ಏನ್ ಸುಮ್ನ ನಿಂತೀರಲ್ರೀ ಅಣ್ಣಾ, ಹೊಡೀರಿ ಅಂವಗ” ಎಂದ. ಕಾವಲುಗಾರ ಅಡ್ಡಾಡುವ ದಾರಿ, ಅವನು ತಿರುಗಿ ನಿಲ್ಲುವ ಜಾಗ, ಬಾಗಿಲು ತೆರೆದಿರುವ ಅಷ್ಟೇ ಹೊತ್ತು ಇವೆಲ್ಲ ಮೆಲ್ಲಗೆ ಅವನ ಗಮನಕ್ಕೂ ಬಂದ ಮೇಲೆ, ನಾನು ಹೆಜ್ಜೆ ಮುಂದಿಡುವಷ್ಟರಲ್ಲಿ ಅವನೇ ದನಿ ತಗ್ಗಿಸಿ, “ತಡೀರಿ, ಇನ್ನೊಬ್ಬ ಬರ್ಲತ್ತಾನ” ಎಂದು ಎಚ್ಚರಿಸಿದ. ಈ ಆಟದ ಬಗ್ಗೆ ಅದಕ್ಕಿಂತ ಉತ್ತಮವಾದ ಪ್ರಶಂಸೆಯನ್ನು ನಾನು ಕೇಳಿಲ್ಲ.

ಕಥೆ ಒಟ್ಟು ಆರು ಸ್ಥಳಗಳಲ್ಲಿ ನಡೆಯುತ್ತದೆ. ದುಬೈ ಭಾಗ ಕಣ್ಣಿಗೆ ಹಬ್ಬವಾದರೂ ಹಿಂದಿನ ಕಂತುಗಳ ವೈಭವದ ಮುಂದುವರಿಕೆಯಷ್ಟೇ ಎನ್ನಬೇಕು. ಇಂಗ್ಲೆಂಡಿನ ಡಾರ್ಟ್‌ಮೂರ್‌ನಲ್ಲಿರುವ ಥಾರ್ನ್‌ಬ್ರಿಡ್ಜ್ ಬಂಗಲೆಗೆ ಬಂದಾಗ ಮಾತ್ರ ಲೇಖಕರ ಜಾಣ್ಮೆ ಎದ್ದು ಕಾಣುತ್ತದೆ. ಅಲ್ಲಿ ಮನೆಯೊಡತಿ ಅಲೆಕ್ಸಾ ಕಾರ್ಲೈಲ್ ತಾನು ಸತ್ತಂತೆ ಲೋಕವನ್ನು ನಂಬಿಸಿ, ತನ್ನದೇ ಅಂತ್ಯಕ್ರಿಯೆಯ ಸಿದ್ಧತೆಯಲ್ಲಿ ತೊಡಗಿದ್ದಾಳೆ. ಅದೇ ಹೊತ್ತಿಗೆ ಅವಳ ಸಹೋದರ ಕೋಣೆಯಲ್ಲಿ ನಿಜವಾಗಿಯೂ ಸತ್ತು ಬಿದ್ದಿದ್ದಾನೆ. ತನಿಖೆಗೆಂದು ಕರೆಸಿದ ಪತ್ತೇದಾರನ ಬಟ್ಟೆ ತೊಟ್ಟ 47 ಮುಂಬಾಗಿಲಿನಿಂದಲೇ ಒಳಗೆ ಹೋಗಿ, ಮನೆಮಂದಿಯನ್ನು ಒಬ್ಬೊಬ್ಬರಾಗಿ ವಿಚಾರಿಸಬಹುದು, ಹೇಳಿಕೆಗಳನ್ನು ಹೋಲಿಸಿ ನೋಡಬಹುದು, ಗುಪ್ತ ಕೋಣೆಯನ್ನು ಪತ್ತೆ ಹಚ್ಚಬಹುದು. ಕೊಲೆ ಮಾಡಲು ಬಂದವನೇ ಕೊಲೆಯ ತನಿಖೆ ನಡೆಸುವ ಈ ವ್ಯಂಗ್ಯವನ್ನು ಆಟ ಎಲ್ಲಿಯೂ ಎತ್ತಿ ಹೇಳುವುದಿಲ್ಲ. ನಿಜವಾದ ಅಪರಾಧಿಯ ಹೆಸರನ್ನೇ ಹೇಳಬೇಕೆಂಬ ನಿಯಮವೂ ಇಲ್ಲ; ಆತ್ಮಹತ್ಯೆ ಎಂದು ವರದಿ ಕೊಡಬಹುದು, ಏನೂ ಅರಿಯದ ಮನೆಯಾಳಿನ ಮೇಲೆ ಆರೋಪ ಹೊರಿಸಲೂಬಹುದು. ಆ ಕೊನೆಯ ಆಯ್ಕೆಯನ್ನು ನಾನು ಈವರೆಗೆ ಮಾಡಿಲ್ಲ, ಮಾಡುವ ಮನಸ್ಸೂ ಇಲ್ಲ.

ಇಲ್ಲಿಯವರೆಗೂ ಆಟಗಾರನ ಕೈಹಿಡಿದು ನಡೆಸುವ ವ್ಯವಸ್ಥೆಯೊಂದು ಇದ್ದೇ ಇರುತ್ತದೆ. ಎಲ್ಲಿಗೆ ಹೋಗಬೇಕು, ಯಾವ ಬಟ್ಟೆ ತೊಡಬೇಕು, ಯಾರ ಮಾತು ಆಲಿಸಬೇಕು ಎಂಬ ಸೂಚನೆಗಳು ಒಂದರ ಹಿಂದೊಂದು ಪರದೆಯ ಮೇಲೆ ಬರುತ್ತವೆ. ಬರ್ಲಿನ್ ಭಾಗದಲ್ಲಿ ಅವು ಇಲ್ಲ. ಕತ್ತಲ ಕಾಡಿನ ಅಂಚಿನಲ್ಲಿರುವ ಪೆಟ್ರೋಲ್ ಬಂಕಿನ ಬಳಿ ಏಕಾಂಗಿಯಾಗಿ ಬಂದಿಳಿಯುವ 47, ಹಳೆಯ ವಿದ್ಯುತ್ ಸ್ಥಾವರವೊಂದನ್ನು ನೃತ್ಯದ ಕ್ಲಬ್ಬಾಗಿ ಮಾರ್ಪಡಿಸಿದ ಜಾಗದತ್ತ ನಡೆಯುತ್ತಾನೆ. ಅವನನ್ನು ಮುಗಿಸಲು ಅವನ ಹಳೆಯ ಸಂಸ್ಥೆ ಐಸಿಎ ಕಳುಹಿಸಿದ ಏಜೆಂಟರು ಆ ಜನಜಂಗುಳಿಯಲ್ಲಿ ಅವನಂತೆಯೇ ವೇಷ ಮರೆಸಿಕೊಂಡು ಬೆರೆತಿದ್ದಾರೆ. ಅವರ ಹೆಸರಾಗಲಿ ಭಾವಚಿತ್ರವಾಗಲಿ ಮೊದಲೇ ನಮಗೆ ಸಿಗುವುದಿಲ್ಲ. ಕುಣಿಯದೆ ಸುತ್ತಲೂ ನೋಡುತ್ತಿರುವವನು ಯಾರು, ಮದ್ಯ ಸುರಿಯುವ ನೆಪದಲ್ಲಿ ಬಾಗಿಲ ಮೇಲೆ ಕಣ್ಣಿಟ್ಟವನು ಯಾರು, ಕಿವಿಗೆ ಬೆರಳೊತ್ತಿ ಪಿಸುಗುಟ್ಟಿದವನು ಯಾರು ಎಂಬುದನ್ನು ನಾವೇ ಗಮನಿಸಿ ಕಂಡುಕೊಳ್ಳಬೇಕು. ಕನಿಷ್ಠ ಐವರನ್ನು ಹೀಗೆ ಪತ್ತೆ ಮಾಡಿ ಮುಗಿಸದ ಹೊರತು ಹೊರಬರುವ ದಾರಿಯಿಲ್ಲ. ಅವರ ಪರಸ್ಪರ ಸಂಭಾಷಣೆ 47ನ ಕಿವಿಗೂ ಬೀಳುತ್ತಿರುತ್ತದೆ; ಆರಂಭದಲ್ಲಿ ಬೇಟೆಗಾರರ ಆತ್ಮವಿಶ್ವಾಸದಿಂದ ಮಾತನಾಡುತ್ತಿದ್ದವರು, ಒಬ್ಬೊಬ್ಬರಾಗಿ ಉತ್ತರ ಕೊಡುವುದನ್ನು ನಿಲ್ಲಿಸಿದಂತೆ ಉಳಿದವರ ದನಿಯಲ್ಲಿ ನಡುಕ ಹತ್ತುತ್ತದೆ. ಹಿಂದಿನ ಎರಡು ಕಂತುಗಳಲ್ಲಿ ಆಟಗಾರ ಕಲಿತದ್ದೆಲ್ಲವೂ ಇಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಇಡೀ ಸರಣಿಯಲ್ಲಿ ಒಂದೇ ಭಾಗವನ್ನು ಆರಿಸೆಂದರೆ ನನ್ನ ಮತ ಬರ್ಲಿನ್‌ಗೇ.

ಚೀನಾದ ಚೊಂಗ್‌ಚಿಂಗ್ ಮಳೆಯಲ್ಲಿ ತೊಯ್ದ ಬೀದಿಗಳಿಂದ ಮೆಚ್ಚುಗೆಯಾಗುತ್ತದೆ, ಅದರ ನೆಲದಡಿಯ ಐಸಿಎ ನೆಲೆ ಮಾತ್ರ ಎಲ್ಲೋ ನೋಡಿದ್ದೇ ಎನಿಸುತ್ತದೆ. ಅರ್ಜೆಂಟೀನಾದ ಮೆಂಡೋಜಾದಲ್ಲಿ ದ್ರಾಕ್ಷಿತೋಟದ ಔತಣಕೂಟವಿದೆ. ಮೊದಲ ಆಟದಿಂದಲೂ ಕಿವಿಯಲ್ಲಿ ದನಿಯಾಗಿ ನಿರ್ದೇಶನ ನೀಡುತ್ತಿದ್ದ ಡಯಾನಾ ಬರ್ನ್‌ವುಡ್ ಇಲ್ಲಿ ಕಣ್ಣೆದುರೇ, ಅತಿಥಿಗಳ ನಡುವೆ ಓಡಾಡುತ್ತಿರುತ್ತಾಳೆ. ಅವಳು ಯಾರ ಪಕ್ಷದವಳು ಎಂಬ ಸಂಶಯ ಆಟಗಾರನ ಪ್ರತಿ ಹೆಜ್ಜೆಯನ್ನೂ ಹಿಂಬಾಲಿಸುತ್ತದೆ. ಕೆಲಸ ಮುಗಿದ ಮೇಲೆ ಬೇಲಿ ಹಾರಿ ಓಡುವ ಬದಲು ಅವಳೊಡನೆ ಟ್ಯಾಂಗೋ ನೃತ್ಯ ಮಾಡಿ ಕಥೆಯನ್ನು ಮುಂದಕ್ಕೆ ಸಾಗಿಸಬಹುದೆಂಬುದು, ಇಷ್ಟು ವರ್ಷ ಮುಖದಲ್ಲಿ ಭಾವವನ್ನೇ ತೋರದ ಪಾತ್ರಕ್ಕೆ ಒದಗಿಸಿದ ಅತ್ಯಂತ ಸೊಗಸಾದ ದೃಶ್ಯ.

ಇಷ್ಟೆಲ್ಲ ಮಾಡಿದ ಮೇಲೆ ಕೊನೆಯ ಭಾಗದಲ್ಲಿ ಆಟ ತನ್ನ ಧರ್ಮವನ್ನೇ ಮರೆಯುತ್ತದೆ. ಕಾರ್ಪೇಥಿಯನ್ ಪರ್ವತಗಳ ಹಿಮದಲ್ಲಿ ಸಾಗುವ ರೈಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಬೋಗಿಯಿಂದ ಬೋಗಿಗೆ ನಡೆಯುವುದಷ್ಟೇ ಇಲ್ಲಿನ ಕೆಲಸ. ಜನಸಂದಣಿ ಇಲ್ಲ, ದಿನಚರಿ ಇಲ್ಲ, ಸುತ್ತುಬಳಸಿನ ದಾರಿಗಳೂ ಹೆಚ್ಚಿಲ್ಲ. ಎಲ್ಲ ಆಸರೆಗಳನ್ನೂ ಕಳೆದುಕೊಂಡವನಿಗೆ ಉಳಿಯುವುದು ಒಂದೇ ನೇರ ದಾರಿ ಎಂಬ ಸಮರ್ಥನೆಯನ್ನು ಕೊಡಬಹುದು, ಕಥೆಯ ಮಟ್ಟಿಗೆ ನಾನದನ್ನು ಒಪ್ಪುತ್ತೇನೆ. ಕೈಯಲ್ಲಿ ಸಿರಿಂಜ್ ಹಿಡಿದು ನಿಲ್ಲುವ ಅಂತಿಮ ಗಳಿಗೆ ಮನಸ್ಸನ್ನು ನಿಜಕ್ಕೂ ತಟ್ಟುತ್ತದೆ. ಆದರೆ ಉಳಿದ ಸ್ಥಳಗಳಿಗೆ ಹೊಸ ಉಪಾಯ ಹೊಳೆದಾಗಲೆಲ್ಲ ಮರಳುವ ಆಟಗಾರ, ಈ ರೈಲನ್ನು ಎರಡನೆಯ ಬಾರಿ ಹತ್ತಲು ಕಾರಣವೇ ಇಲ್ಲ.

ಇನ್ನೊಂದು ಆಕ್ಷೇಪ ನಮ್ಮ ಭಾಗದ ಓದುಗರಿಗೆ ಹೆಚ್ಚು ಪ್ರಸ್ತುತವಾದದ್ದು. ಒಬ್ಬನೇ ಕುಳಿತು ಆಡುವ ಆಟವಾದರೂ ಅಂಕಗಳು, ಹೊಸ ಉಪಕರಣಗಳು, ಹೊಸ ಆರಂಭದ ಸ್ಥಳಗಳು ದೊರೆಯಬೇಕಾದರೆ ಇಂಟರ್ನೆಟ್ ಸಂಪರ್ಕ ನಿರಂತರವಾಗಿ ಇರಲೇಬೇಕು. ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಕರೆಂಟು ಹೋಗಿ, ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆದರೂ ಬೀದಿಯ ಇಂಟರ್ನೆಟ್ ತಂತಿ ನಿರ್ಜೀವವಾಗುವ ಊರಿನಲ್ಲಿ ಈ ನಿಯಮ ಅನ್ಯಾಯವೆಂದೇ ಹೇಳಬೇಕಾಗುತ್ತದೆ. ಸಂಪರ್ಕವಿಲ್ಲದೆಯೂ ಕಥೆಯನ್ನು ಆಡಬಹುದು, ಆದರೆ ಆ ಹೊತ್ತಿನ ಸಾಧನೆ ಲೆಕ್ಕಕ್ಕೆ ಸೇರುವುದಿಲ್ಲ.

2023ರ ಜನವರಿಯಿಂದ ಮೂರೂ ಕಂತುಗಳು ವರ್ಲ್ಡ್ ಆಫ್ ಅಸಾಸಿನೇಶನ್ ಎಂಬ ಒಂದೇ ಹೆಸರಿನಡಿ ಸೇರಿರುವುದರಿಂದ, ಮೊದಲ ಕಂತಿನ ಪ್ಯಾರಿಸ್‌ನಿಂದ ಹಿಡಿದು ಸುಮಾರು ಇಪ್ಪತ್ತು ಸ್ಥಳಗಳು ಒಂದೇ ಕಡೆ ದೊರೆಯುತ್ತವೆ. ಅದರ ಜೊತೆ ಬಂದ ಫ್ರೀಲಾನ್ಸರ್ ಎಂಬ ವಿಧಾನದಲ್ಲಿ ನಡುವೆ ಸೇವ್ ಮಾಡಿಕೊಳ್ಳಲು ಅವಕಾಶವಿಲ್ಲ, ಸತ್ತರೆ ಹೊತ್ತು ತಂದ ಆಯುಧಗಳೂ ಹೋಗುತ್ತವೆ. ಗುಂಪಿನ ಮುಖಂಡನನ್ನು ಅನೇಕ ಅನುಮಾನಿತರ ನಡುವಿನಿಂದ ಚಹರೆ ಮತ್ತು ಅಭ್ಯಾಸಗಳ ಸುಳಿವು ಹಿಡಿದು ಗುರುತಿಸಬೇಕು. ಬರ್ಲಿನ್ ಹಿಡಿಸಿದವರಿಗೆ ಇದು ತಿಂಗಳುಗಟ್ಟಲೆ ಸಾಲುವಷ್ಟು ಸರಕು.

ಹದಿನೆಂಟು ದಾಟಿದವರಿಗಷ್ಟೇ ತಕ್ಕ ಆಟವಿದು ಎಂಬುದನ್ನು ಮನೆಯ ಹಿರಿಯರು ಗಮನಿಸಬೇಕು. ಹೊಸಬರು ನೇರವಾಗಿ ದುಬೈಗೆ ಹೋಗದೆ ಪ್ಯಾರಿಸ್‌ನಿಂದಲೇ ಆರಂಭಿಸುವುದು ಒಳಿತು. ಕಥೆಯ ಎಳೆ ಸಿಗುವುದಲ್ಲದೆ, ಎರಡನೆಯ ಕಂತಿನ ಮುಂಬೈಯನ್ನೂ ಕೈಬಿಟ್ಟಂತಾಗುವುದಿಲ್ಲ. ಮುಖ ಯಾರಿಗೂ ತಿಳಿಯದ ಮೇಲ್‌ಸ್ಟ್ರಮ್ ಎಂಬ ಪಾತಕಿಯನ್ನು ಆ ಗಲ್ಲಿಗಳ ಜನರ ನಡುವೆ ಹುಡುಕುವ ಭಾಗ, ಬರ್ಲಿನ್‌ಗೆ ಬೇಕಾದ ತಾಲೀಮನ್ನು ಮೊದಲೇ ಕೊಡುತ್ತದೆ. ಡಾರ್ಟ್‌ಮೂರ್‌ವರೆಗೆ ಪರದೆಯ ಸೂಚನೆಗಳನ್ನು ಇಟ್ಟುಕೊಂಡು, ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಅವುಗಳನ್ನು ಪೂರ್ತಿ ನಿಲ್ಲಿಸಿಬಿಡಿ.