ಮೂರು ಭಾನುವಾರ, ಮೂರು ಸಿನಿಮಾ

ನಿಂಗೆ ತುಂಬಾ ಇಷ್ಟವಾದ ಸಿನಿಮಾ ಯಾವುದು ಅಂತ ಕೇಳಿದರೆ ನಾನು ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತಿದ್ದೆ. ‘ಬಂಗಾರದ ಮನುಷ್ಯ’, ‘ಭೂತಯ್ಯನ ಮಗ ಅಯ್ಯು’, ಇಲ್ಲ ‘ತಿಥಿ’. ಮನಸ್ಸು ಈ ಮೂರರ ಸುತ್ತಲೇ ಓಡಾಡುತ್ತಿತ್ತು. ಮೂರೂ ಹಳ್ಳಿಯ ಕಥೆ. ಈ ಬೇಸಿಗೆಯಲ್ಲಿ ಮಂಡ್ಯ ಹತ್ತಿರದ ನಮ್ಮೂರಿಗೆ ಹೋದಾಗ ಮೂರು ಭಾನುವಾರ ಅವ್ವನ ಜೊತೆ ಕೂತು ಮೂರನ್ನೂ ಮತ್ತೆ ನೋಡಿದೆ. ಅಪ್ಪ ಕಬ್ಬಿಗೆ ನೀರು ಕಟ್ಟೋಕೆ ಹೋಗುತ್ತಿದ್ದರು, ಅವರು ಸಿಗಲಿಲ್ಲ. ನಾನು ಇಟ್ಟುಕೊಂಡ ಲೆಕ್ಕ ಒಂದೇ: ಮಾರನೇ ದಿನ ಬೆಳಗ್ಗೆ ನಾಲೆ ಏರಿ ಮೇಲೆ ನಡೆಯುವಾಗ ಯಾವ ದೃಶ್ಯ ತಾನಾಗೇ ಕಣ್ಣ ಮುಂದೆ ಬರುತ್ತದೆ ಅಂತ ನೋಡುವುದು.

ಮೊದಲು ‘ಬಂಗಾರದ ಮನುಷ್ಯ’. 1972ರದ್ದು, ಸಿದ್ದಲಿಂಗಯ್ಯನವರ ನಿರ್ದೇಶನ. ಭಾವ ತೀರಿಹೋದ ಮೇಲೆ ಅಕ್ಕನ ಸಂಸಾರಕ್ಕೆ ಹೆಗಲು ಕೊಡುವ ರಾಜೀವ, ಕಲ್ಲು ತುಂಬಿದ ನೆಲವನ್ನು ಹಸಿರು ಮಾಡುತ್ತಾನೆ. ಹಾಡು ಶುರುವಾಗುವ ಮುಂಚೆಯೇ ಅವ್ವ ಸಾಲು ಹೇಳುತ್ತಿದ್ದಳು. ಊಟಕ್ಕೆ ಕೂತಾಗ ಅಕ್ಕನ ಮಗನೇ ಹಂಗಿಸುತ್ತಾನೆ. ರಾಜೀವ ಎದುರಾಡದೆ ಎದ್ದು ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಅಲ್ಲಿ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೂ ಗಂಟಲು ಕಟ್ಟಿತು. ರಾಜ್‌ಕುಮಾರ್ ಆ ಜಾಗದಲ್ಲಿ ಏನೂ ಜಾಸ್ತಿ ಮಾಡುವುದಿಲ್ಲ, ಅದಕ್ಕೇ ಅಷ್ಟು ನೋವಾಗುವುದು. ಆದರೆ ರಾಜೀವನಂಥ ಮನುಷ್ಯನನ್ನು ನಾನು ಕಂಡಿಲ್ಲ. ಅವನಿಗೆ ಕೈ ಮುಗಿಯಬಹುದು, ಪಕ್ಕದಲ್ಲಿ ಕೂತು ಕಷ್ಟಸುಖ ಮಾತಾಡಲು ಆಗುವುದಿಲ್ಲ.

ಎರಡನೇ ವಾರ ‘ಭೂತಯ್ಯನ ಮಗ ಅಯ್ಯು’. ಇದೂ ಸಿದ್ದಲಿಂಗಯ್ಯನವರದ್ದೇ, 1974ರದ್ದು. ಕಥೆ ಗೊರೂರು ರಾಮಸ್ವಾಮಿ ಅಯ್ಯಂಗಾರರದ್ದು. ಹೋಟೆಲಿನಲ್ಲಿ ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವುದನ್ನು ಎಷ್ಟು ಸಲ ನೋಡಿದರೂ ಬಾಯಲ್ಲಿ ನೀರು. ಆದರೆ ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಭೂತಯ್ಯನ ಸಾವು. ಊರಿನ ರಕ್ತ ಹೀರಿದವನ ಹೆಣ ಹೊರೋಕೆ ಒಬ್ಬನೂ ಬರುವುದಿಲ್ಲ. ಅಪ್ಪ ಮಾಡಿದ್ದರ ಭಾರವೆಲ್ಲ ಮಗನ ತಲೆ ಮೇಲೆ. ಅಯ್ಯು ಆಗಿರುವ ಲೋಕೇಶ್ ಮುಖದಲ್ಲಿ ಸಿಟ್ಟು, ಅವಮಾನ ಎರಡೂ ಒಟ್ಟಿಗೇ ಕಾಣುತ್ತವೆ. ಅಯ್ಯು ಬದಲಾಗುತ್ತಾ ಹೋಗುತ್ತಾನೆ, ಅದು ನನಗೆ ರಾಜೀವನ ಒಳ್ಳೆಯತನಕ್ಕಿಂತ ಹತ್ತಿರ ಅನ್ನಿಸಿತು. ಕೊನೆಯ ಪ್ರವಾಹ ಇವತ್ತಿಗೂ ಮೈ ನಡುಗಿಸುತ್ತದೆ. ನಡುವೆ ಸ್ವಲ್ಪ ಎಳೆದ ಹಾಗಾಯಿತು, ಅಷ್ಟೇ.

ಮೂರನೇ ವಾರ ‘ತಿಥಿ’. ರಾಮ್ ರೆಡ್ಡಿ ನಿರ್ದೇಶಿಸಿದ್ದು, ಈರೇಗೌಡರ ಜೊತೆ ಬರೆದದ್ದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಮರುವರ್ಷ ನಮ್ಮ ಥಿಯೇಟರಿಗೆ ಬಂತು. ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲೇ ತೆಗೆದದ್ದು. ನಟಿಸಿದವರು ಸಿನಿಮಾದವರಲ್ಲ, ಹಳ್ಳಿಯವರೇ.

ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನಕ್ಕೆ ತಿಥಿ ಆಗಬೇಕು. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಆದರೆ ಅದು ಮೊದಲು ಸತ್ತವನ ಮಗ ಗಡ್ಡಪ್ಪನ ಹೆಸರಿಗೆ ಬರಬೇಕು, ಗಡ್ಡಪ್ಪನಿಗೋ ಇದ್ಯಾವುದೂ ಬೇಕಿಲ್ಲ. ಇಲ್ಲಿ ನಾನು ಸುಮ್ನೆ ಸಿನಿಮಾ ನೋಡಲು ಆಗಲಿಲ್ಲ. ನಮ್ಮ ತಾತ ಹೋದಾಗ ಜಮೀನು ಹೆಸರಿಗೆ ಮಾಡಿಸೋಕೆ, ಪೌತಿ ಖಾತೆಗೆ, ಪಹಣಿಗೆ ಅಂತ ಅಪ್ಪ ತಿಂಗಳುಗಟ್ಟಲೆ ಅಲೆದಿದ್ದರು. ತಿಥಿ ದಿನ ಶಾಮಿಯಾನದ ಹಿಂದೆ, ಬೋಳಿಸಿದ ತಲೆ ಮೇಲೆ ಟವೆಲ್ ಹಾಕಿಕೊಂಡು, ಅಡುಗೆಯವರಿಗೆ ಕೊಡೋ ದುಡ್ಡನ್ನು ಎರಡೆರಡು ಸಲ ಎಣಿಸುತ್ತಿದ್ದರು. ಬೆರಳು ನಡುಗುತ್ತಿತ್ತು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಆಗ ನನಗೆ ಹದಿನಾರು, ಅಪ್ಪನಿಗೆ ದುಃಖವೇ ಇಲ್ಲ ಅಂತ ಕೋಪ ಬಂದಿತ್ತು. ತಮ್ಮಣ್ಣನ ಮುಖ ನೋಡಿದ ಮೇಲೆ ಗೊತ್ತಾಯಿತು, ಅವರಿಗೆ ಅಳೋಕೆ ಪುರುಸೊತ್ತೇ ಇರಲಿಲ್ಲ.

ಮಾತಿನ ವಿಷಯಕ್ಕೆ ಬಂದರೆ ಹೋಲಿಕೆಯೇ ಇಲ್ಲ. ‘ಏನ್ಲಾ’, ‘ಬಾರ್ಲಾ’ ಅನ್ನುವುದನ್ನು ನಗಿಸೋಕೆ ಬಳಸುವ ಸಿನಿಮಾಗಳೇ ಜಾಸ್ತಿ. ಇಲ್ಲಿ ಆ ಮಾತಿನಲ್ಲೇ ಜನ ಬೈಯುತ್ತಾರೆ, ಸುಳ್ಳು ಹೇಳುತ್ತಾರೆ, ನೋವು ತೋಡಿಕೊಳ್ಳುತ್ತಾರೆ. ಗಡ್ಡಪ್ಪ ಕುರಿ ಮೇಯಿಸುವವರ ಜೊತೆ ಬೆಂಕಿ ಮುಂದೆ ಕೂತು ತನ್ನ ಹಳೆಯ ಕಥೆ ಹೇಳುವ ದೃಶ್ಯವಿದೆ. ಅಷ್ಟು ದೊಡ್ಡ ನೋವನ್ನು ದನಿ ಏರಿಸದೆ, ಯಾರದೋ ಮನೆ ಸುದ್ದಿಯ ಹಾಗೆ ಹೇಳುತ್ತಾನೆ. ನಮ್ಮೂರಿನ ಹಿರಿಯರು ಹೇಳುವುದೂ ಹೀಗೇ ಅಲ್ವಾ?

ಅವ್ವನ ಓಟು ಮಾತ್ರ ‘ಬಂಗಾರದ ಮನುಷ್ಯ’ಕ್ಕೇ. ‘ತಿಥಿ’ ನೋಡಿ “ಇದನ್ನೆಲ್ಲ ನಮ್ಮನೇಲೇ ನೋಡಿದೀನಿ ಕಣ್ಲಾ, ಮತ್ತೆ ಟೀವಿಲಿ ಬೇರೆ ನೋಡ್ಬೇಕಾ” ಅಂದಳು. ಅವಳ ಮಾತು ನನಗೆ ಅರ್ಥವಾಗುತ್ತದೆ. ಹಾಡು, ಹಸಿರು, ರಾಜ್‌ಕುಮಾರ್ ನಗು, ಇವೆಲ್ಲ ಅವಳಿಗೆ ಬೇಕು.

ಸೋಮವಾರ ಬೆಳಗ್ಗೆ ನಾಲೆ ಏರಿ ಮೇಲೆ ನನಗೆ ನೆನಪಾದದ್ದು ಗಡ್ಡಪ್ಪ. ಬಿಳಿ ಗಡ್ಡ ಬಿಟ್ಟುಕೊಂಡು, ಯಾವ ಆತುರವೂ ಇಲ್ಲದೆ ನಡೆದುಹೋಗುವವನು. ಅವನ ಹಿಂದೆಯೇ ಟವೆಲ್ ಹೊದ್ದ ಅಪ್ಪನೂ ಬಂದರು. ಉಳಿದ ಎರಡು ಸಿನಿಮಾ ಅಷ್ಟು ಒಳಗೆ ಇಳಿಯಲಿಲ್ಲ. ಇನ್ನು ಯಾರು ಕೇಳಿದರೂ ‘ತಿಥಿ’ ಅಂತಲೇ ಹೇಳುತ್ತೇನೆ.

ಅಪ್ಪ ಇನ್ನೂ ಅದನ್ನು ನೋಡಿಲ್ಲ. ಕಬ್ಬು ಕಟಾವಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಬೇಕು ಅಂತಿದ್ದೇನೆ.