ಗುಂಗುರು ಕೂದಲಿಗೆ ಮೂಲಿಕೆ ಪುಡಿ: ಗುಣ ಸರಿ, ತರಿಯದೇ ತಕರಾರು

ಸೀಗೆ, ನೆಲ್ಲಿಕಾಯಿ, ಮೆಂತ್ಯೆ, ಗರುಗ (ಭೃಂಗರಾಜ) ಮತ್ತು ದಾಸವಾಳದ ಎಲೆಗಳನ್ನು ಒಣಗಿಸಿ ಬೀಸಿದ ಪುಡಿಯನ್ನು ಉಡುಪಿಯ ಗ್ರಂಥಿಗೆ ಅಂಗಡಿಯೊಂದರಿಂದ ತಂದು, ಹಿಂದಿನ ಮಳೆಗಾಲದಿಂದ ವಾರಕ್ಕೊಮ್ಮೆ ಬಳಸುತ್ತಿದ್ದೇನೆ. ಬಣ್ಣ ಹಾಕದ, ನೇರ ಮಾಡಿಸದ, ಸೊಂಟದವರೆಗಿನ ಗುಂಗುರು ಕೂದಲು ನನ್ನದು. ತೊಳೆದ ಮೇಲೆ ಸಿಕ್ಕು ಬಿಡಬೇಕು, ಒಣಗಿದ ಮೇಲೆ ಕೆದರಬಾರದು ಎಂಬುದಷ್ಟೇ ನನ್ನ ಅಪೇಕ್ಷೆ. ನರೆ ತಡೆಯುತ್ತದೆ, ಹೊಸ ಕೂದಲು ಹುಟ್ಟಿಸುತ್ತದೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿದ್ದಾರೆ. ಅದನ್ನು ನಂಬಿ ನಾನು ಕೊಂಡದ್ದಲ್ಲ.

ಶನಿವಾರ ರಾತ್ರಿ ಗಾಣದ ತೆಂಗಿನೆಣ್ಣೆಯನ್ನು ಬೆಚ್ಚಗೆ ಮಾಡಿ ನೆತ್ತಿಯಿಂದ ತುದಿಯವರೆಗೆ ಹಚ್ಚುತ್ತೇನೆ. ಖನಿಜ ತೈಲ, ಸೂರ್ಯಕಾಂತಿ ಎಣ್ಣೆ ಮತ್ತು ತೆಂಗಿನೆಣ್ಣೆಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂದಲಿನ ಪ್ರೋಟೀನ್ ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ತೆಂಗಿನೆಣ್ಣೆಯೊಂದೇ. ಅದರ ಲಾರಿಕ್ ಆಮ್ಲ ಕೂದಲೆಳೆಯ ಒಳಕ್ಕೆ ಇಳಿಯಬಲ್ಲದು. ಪುಡಿಯನ್ನು ಅದೇ ರಾತ್ರಿ ನೆನೆಸಿಡಬೇಕು. ಕಬ್ಬಿಣದ ಬಾಣಲೆಯಾದರೆ ನೆಲ್ಲಿಯ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಬೆಳಗಾಗುವಾಗ ಕಪ್ಪಿಟ್ಟಿರುತ್ತದೆ, ಬಚ್ಚಲಿನ ಬಿಳಿ ಟೈಲ್ಸಿಗೂ ಅದೇ ಬಣ್ಣ ಹತ್ತುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಸ್ಟೀಲ್ ಪಾತ್ರೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಮೆಂತ್ಯೆಯ ಕಹಿ ಪರಿಮಳದ ಜೊತೆ ಸೀಗೆಯ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಆ ಹೊತ್ತಿನವರೆಗೆ ಎಲ್ಲವೂ ಸೊಗಸು.

ತೊಂದರೆ ಶುರುವಾಗುವುದು ತಲೆ ತೊಳೆಯುವಾಗ. ಪೊಟ್ಟಣದ ಸೂಚನೆಯಂತೆ ಹಿಟ್ಟಿನ ಹದಕ್ಕೆ ಕಲಸಿ ಹಚ್ಚಿದರೆ, ಎಣ್ಣೆಯೇನೋ ಹೋಗುತ್ತದೆ, ಸೀಗೆಯ ನೊರೆ ಶಾಂಪೂವಿನ ಹಾಗೆ ಕೂದಲನ್ನು ಒರಟು ಮಾಡುವುದೂ ಇಲ್ಲ. ಆದರೆ ಸೀಗೆ ಸಿಪ್ಪೆಯ ತರಿ ಮಾತ್ರ ಸುರುಳಿಗಳೊಳಗೆ ಉಳಿದುಬಿಡುತ್ತದೆ. ಎಷ್ಟು ಚೊಂಬು ನೀರು ಹೊಯ್ದರೂ ಸಾಲದು. ಬಾಚಿದಾಗ ಹೆಗಲ ಮೇಲೆ, ಮಲಗಿದಾಗ ದಿಂಬಿನ ಮೇಲೆ ಕಂದು ಪುಡಿ ಉದುರುತ್ತದೆ, ನೋಡಿದವರು ತಲೆಹೊಟ್ಟು ಎಂದುಕೊಳ್ಳುತ್ತಾರೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿನಲ್ಲಿ, ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೂದಲು ಸಂಜೆಯಾದರೂ ಒಣಗದಿರುವಾಗ, ಒಳಗೆ ಸಿಕ್ಕಿಕೊಂಡ ಈ ತರಿಯಿಂದ ನೆತ್ತಿಯಲ್ಲಿ ತುರಿಕೆ ಬೇರೆ. ಬಚ್ಚಲಿನ ಜಾಲರಿ ಕಟ್ಟಿಕೊಳ್ಳುವುದು ಇದಕ್ಕೆ ಸೇರಿದ ಇನ್ನೊಂದು ಕೆಲಸ. 200 ಗ್ರಾಮಿಗೆ 160 ರೂಪಾಯಿ ತೆಗೆದುಕೊಳ್ಳುವವರು ಪುಡಿಯನ್ನು ಇನ್ನೊಮ್ಮೆ ಜರಡಿ ಹಿಡಿದರೆ ಅವರ ಗಂಟೇನು ಹೋಗುತ್ತದೆ?

ಇಷ್ಟಾದರೂ ಪುಡಿಯನ್ನು ಎಸೆಯಲಿಲ್ಲ, ಏಕೆಂದರೆ ಕುದಿಸಿ ಸೋಸಿದರೆ ಇದೇ ಪುಡಿ ಬಹಳ ಒಳ್ಳೆಯದು. ಈಗ ನೆನೆಸಿದ್ದನ್ನು ಸಣ್ಣ ಉರಿಯಲ್ಲಿ ಕುದಿಸಿ, ಆರಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಹಿಂಡಿ ಆ ನೀರನ್ನಷ್ಟೇ ತಲೆಗೆ ಹಾಕುತ್ತೇನೆ. ಕಣ್ಣಿಗೆ ಬಿದ್ದರೆ ಉರಿ ಖಂಡಿತ, ತಲೆ ಹಿಂದಕ್ಕೆ ಬಾಗಿಸಿಯೇ ಹೊಯ್ಯಬೇಕು.

ಕೂದಲನ್ನು ನಿಜವಾಗಿ ಮೃದು ಮಾಡಿದ್ದು ಮಾತ್ರ ಪೊಟ್ಟಣದ ಒಣ ದಾಸವಾಳವಲ್ಲ, ಕಾಂಪೌಂಡಿನ ಬದಿಯ ಹಸಿ ಎಲೆಯ ಗೊಂಪು, ಅಂದರೆ ಲೋಳೆ. ಒಂದು ಹಿಡಿ ಎಲೆಯನ್ನು ತೊಳೆದು ನೀರಿನಲ್ಲಿ ಕಿವುಚುತ್ತಾ ಹೋದರೆ ಮೊದಲು ಹಸಿರು ನೊರೆ ಬಂದು, ಆಮೇಲೆ ನೀರು ದಪ್ಪವಾಗಿ, ಬೆರಳುಗಳ ನಡುವೆ ಲೋಳೆ ಎಳೆಎಳೆಯಾಗಿ ಇಳಿಯುತ್ತದೆ. ಸೋಸಿ, ಸೀಗೆ ನೀರಿನ ಸ್ನಾನವಾದ ಮೇಲೆ ತುದಿಗಳಿಗೆ ಸವರಿ, ಅದು ತಲೆಯಲ್ಲಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಮೊದಲು ತುದಿ ಬಿಡಿಸಿ, ಸ್ವಲ್ಪಸ್ವಲ್ಪವಾಗಿ ಬುಡದ ಕಡೆಗೆ ಸರಿಯುತ್ತಾ ಬಾಚಿದರೆ ಸಿಕ್ಕು ತಾನಾಗಿ ಜಾರುತ್ತದೆ. ಬರಿಯ ಗೊಂಪಿನಿಂದ ತೆಂಗಿನೆಣ್ಣೆ ಪೂರ್ತಿ ಹೋಗದು, ಆದ್ದರಿಂದ ಸೀಗೆಯನ್ನು ಬಿಡುವಂತಿಲ್ಲ. ಗೊಂಪನ್ನು ಆಯಾ ದಿನವೇ ಮಾಡಿಕೊಳ್ಳಬೇಕು, ಇಟ್ಟರೆ ಹಳಸುತ್ತದೆ.

ಈ ಪೊಟ್ಟಣ ಮುಗಿದ ಮೇಲೆ ಇನ್ನೊಂದನ್ನು ತರುವುದಿಲ್ಲ; ಅದೇ ಅಂಗಡಿಯಲ್ಲಿ ಇಡೀ ಸೀಗೆಕಾಯಿಯೂ ಒಣ ನೆಲ್ಲಿಚೆಟ್ಟೂ ತೂಕಕ್ಕೆ ಸಿಗುತ್ತವೆ. ಗಿಡ್ಡ ಅಥವಾ ನೇರ ಕೂದಲಿನವರು, ಮನೆಯ ಹತ್ತಿರ ದಾಸವಾಳದ ಗಿಡವಿಲ್ಲದವರು ಪುಡಿಯನ್ನೇ ಕೊಳ್ಳಬಹುದು, ಆದರೆ ಸೋಸುವ ಬಟ್ಟೆ ಕೈಗೆ ಸಿಗುವ ಹಾಗಿರಲಿ.