ಮಳೆಗಾಲದಲ್ಲಿ ಮನೆಯಲ್ಲೇ ವೆಬ್ ಪೋರ್ಟಲ್: ಝಾಂಪ್, ಡಾಕರ್, ಉಬುಂಟು ಹೋಲಿಕೆ

ತುಳುನಾಡಿನಲ್ಲಿ ಯಕ್ಷಗಾನದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆಯೇ ಯಕ್ಷಗಾನದ ತಿರುಗಾಟದ ಪಟ್ಟಿ ಹಾಕುವ ಪೋರ್ಟಲ್‌ಗಳನ್ನು ಹೊಸದಾಗಿ ಕಟ್ಟಲು ಪುರಸೊತ್ತು. ಉಡುಪಿ, ಮಂಗಳೂರಿನಲ್ಲಿ ಗುಡುಗು ಮಳೆಗೆ ಕರೆಂಟ್ ಹೋಗುವುದೂ ಆಗಲೇ. ಹಾಗಾಗಿ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸಾಧಾರಣ ಕಂಪ್ಯೂಟರಿನಲ್ಲಿ ವರ್ಡ್‌ಪ್ರೆಸ್ ಹಾಕಿ ಅದನ್ನು ಮನೆಯಲ್ಲೇ ಓಡಿಸುವ ಮೂರು ದಾರಿಗಳನ್ನೂ (ಝಾಂಪ್, ಡಾಕರ್, ಉಬುಂಟು) ನೋಡುವಾಗ ನಮ್ಮ ಮುಂದಿದ್ದ ಪ್ರಶ್ನೆ ಎರಡು: ಕರೆಂಟ್ ಹೋದರೆ ಡೇಟಾಬೇಸ್ ಉಳಿಯುತ್ತದೆಯೇ? ಮನೆಯಲ್ಲಿ ಓಡಿದ್ದು ಹೋಸ್ಟಿಂಗ್‌ನಲ್ಲೂ (ಪೋರ್ಟಲ್ ಇಡುವ ಬಾಡಿಗೆ ಸರ್ವರಿನಲ್ಲೂ) ಓಡುತ್ತದೆಯೇ?

ವಿಂಡೋಸ್‌ನಲ್ಲಿ ಝಾಂಪ್

ವೆಬ್ ಸರ್ವರ್ ಅಪಾಚೆ, ಡೇಟಾಬೇಸ್ ಮರಿಯಾಡಿಬಿ, ಪಿಎಚ್‌ಪಿ ಭಾಷೆ ಮೂರೂ ಒಟ್ಟಿಗೆ ಸಿಗುವ ಕಟ್ಟು ಇದು. ಶುರು ಮಾಡಲು ಇಷ್ಟು ಸುಲಭದ್ದು ಬೇರೆ ಇಲ್ಲ. ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಬೇಡಿ, ಬರೆಯುವ ಅನುಮತಿಯ ತಕರಾರು ಬರುತ್ತದೆ. ನೇರ ಸಿ ಡ್ರೈವಿನಲ್ಲಿ ಹಾಕಿ. ಝಾಂಪ್‌ನ ನಿಯಂತ್ರಣ ಫಲಕದಲ್ಲಿ ಅಪಾಚೆ ಹಸಿರಾಗದಿದ್ದರೆ ಬಹುತೇಕ 80ನೇ ಪೋರ್ಟನ್ನು ವಿಂಡೋಸಿನದೇ ವೆಬ್ ಸರ್ವರ್ ಐಐಎಸ್ ಹಿಡಿದಿರುತ್ತದೆ. ಅದನ್ನು ನಿಲ್ಲಿಸಿ, ಇಲ್ಲವೇ ಅಪಾಚೆಯನ್ನು 8080ಕ್ಕೆ ಬದಲಿಸಿ.

ನಿಜವಾದ ತೊಂದರೆ ಮರಿಯಾಡಿಬಿಯದ್ದು. ಕರೆಂಟ್ ಹೋಗಿ ಬಂದ ಮೇಲೆ ಅದು ಶುರುವಾಗಿ ಕೂಡಲೇ ನಿಂತುಬಿಡುತ್ತದೆ. ಅರ್ಧ ಬರೆದು ನಿಂತ ಸಿಸ್ಟಂ ಟೇಬಲ್‌ಗಳು, ಅವುಗಳ ಬದಲಾವಣೆ ದಾಖಲಿಸುವ ‘ಆರಿಯಾ’ ಲಾಗ್ ಕೆಡುವುದು ಇದಕ್ಕೆ ಸಾಮಾನ್ಯ ಕಾರಣ. ಆಗ ಡೇಟಾ ಫೋಲ್ಡರನ್ನು ಅಳಿಸಲೇಬೇಡಿ, ಹೆಸರು ಮಾತ್ರ ಬದಲಿಸಿ. ಪಕ್ಕದ ಬ್ಯಾಕಪ್ ಫೋಲ್ಡರನ್ನು ನಕಲು ಮಾಡಿ ಡೇಟಾ ಎಂದು ಹೆಸರಿಡಿ. ಹಳೆಯದರಿಂದ ನಿಮ್ಮ ಡೇಟಾಬೇಸಿನ ಫೋಲ್ಡರನ್ನೂ ‘ಐಬಿಡೇಟಾ1’ ಫೈಲನ್ನೂ ತಂದು ಹಾಕಿ. ಈ ಫೈಲ್ ಬಿಟ್ಟರೆ ಟೇಬಲ್‌ಗಳ ಹೆಸರು ಕಾಣುತ್ತದೆ, ತೆರೆಯಲು ಹೋದರೆ ಇಲ್ಲ ಎನ್ನುತ್ತದೆ.

ವಿಂಡೋಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಒಂದೇ; ಲಿನಕ್ಸ್ ಹೋಸ್ಟಿಂಗ್‌ಗೆ ಅಲ್ಲ. ಮನೆಯಲ್ಲಿ ಕಾಣುವ ಚಿತ್ರ ಅಲ್ಲಿ ಮಾಯವಾದರೆ ಮೊದಲು ಫೈಲಿನ ಹೆಸರು ನೋಡಿ. ಝಾಂಪ್ ಜೊತೆ ಬರುವ ಮರಿಯಾಡಿಬಿ 10.4ರ ಬೆಂಬಲ 2024ರಲ್ಲೇ ಮುಗಿದಿದೆ.

ಡಾಕರ್

ಡಾಕರ್ ಒಂದೊಂದು ತಂತ್ರಾಂಶವನ್ನೂ ಅದರದೇ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವುದರಿಂದ ಹೋಸ್ಟಿಂಗ್‌ನಲ್ಲಿರುವ ಪಿಎಚ್‌ಪಿ, ಡೇಟಾಬೇಸಿನ ಆವೃತ್ತಿಯನ್ನೇ ಮನೆಯಲ್ಲೂ ಇಡಬಹುದು. ಇದು ದೊಡ್ಡ ಅನುಕೂಲ. ಆದರೆ ಇದಕ್ಕಾಗಿ ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಸಾಮಾನ್ಯವಾಗಿ ಅರ್ಧ ರ‍್ಯಾಮಿನವರೆಗೂ ಎಳೆದುಕೊಳ್ಳುತ್ತದೆ. 8 ಜಿಬಿಯಲ್ಲಿ ಅದನ್ನು 3 ಜಿಬಿಗೆ ಕಟ್ಟಿಹಾಕಿದರೂ ಬ್ರೌಸರ್ ತೆವಳುತ್ತದೆ. 16 ಜಿಬಿ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಫೈಲುಗಳು ಸಿ ಡ್ರೈವಿನಲ್ಲಿದ್ದರೆ ಪುಟ ತೆರೆಯುವುದೇ ನಿಧಾನ, ಲಿನಕ್ಸ್ ಹೋಂ ಫೋಲ್ಡರಿನಲ್ಲೇ ಇಡಿ. ಡಾಕರ್ ನಿಲ್ಲಿಸುವ ಕಂಪೋಸ್ ಡೌನ್ ಆಜ್ಞೆಗೆ ‘-ವಿ’ ಸೇರಿಸಿದರೆ ಡೇಟಾ ಇಡುವ ವಾಲ್ಯೂಮಿನ ಜೊತೆ ಡೇಟಾಬೇಸೂ ಹೋಯಿತು.

ನೇರ ಉಬುಂಟು

ವಿಂಡೋಸ್ ಬದಲು ಉಬುಂಟು ಲಿನಕ್ಸನ್ನೇ ಹಾಕುವ ದಾರಿ ಇದು. 8 ಜಿಬಿಯ ಕಂಪ್ಯೂಟರಿಗೆ ನಮ್ಮ ಆಯ್ಕೆ ಇದೇ. ಕರೆಂಟ್ ಹೋಗಿ ಬಂದರೆ ಮರಿಯಾಡಿಬಿಯಲ್ಲಿ ಟೇಬಲ್‌ಗಳನ್ನು ಇಡುವ ಭಾಗವಾದ ಇನ್ನೊಡಿಬಿ ತನ್ನ ಲಾಗ್ ಓದಿ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಅಪಾಚೆ, ಮರಿಯಾಡಿಬಿ, ಪಿಎಚ್‌ಪಿ ಜೊತೆ ಎಂಬಿಸ್ಟ್ರಿಂಗ್, ಇಂಟ್ಲ್ ವಿಸ್ತರಣೆಗಳನ್ನೂ ಹಾಕಿ. ಮುಖಪುಟ ತೆರೆದು ಒಳಪುಟಗಳೆಲ್ಲ 404 ಎಂದರೆ ರೀರೈಟ್ ಮಾಡ್ಯೂಲ್ ಆನ್ ಮಾಡಿ, ಅಪಾಚೆಯ ಅಲೋ ಓವರ್‌ರೈಡ್ ಅನ್ನು ‘ನನ್’ನಿಂದ ‘ಆಲ್’ಗೆ ಬದಲಿಸಿ. ಡೇಟಾಬೇಸಿಗೆ ರೂಟ್ ಪಾಸ್‌ವರ್ಡಿನಿಂದ ಹೋಗಲು ಒದ್ದಾಡದೆ ಬೇರೆ ಬಳಕೆದಾರನನ್ನು ಮಾಡಿ. ನುಡಿಯ ಕೀಲಿಮಣೆ ರೂಢಿಯಾದವರಿಗೆ ಉಬುಂಟುವಿನ ಟೈಪಿಂಗ್ ವ್ಯವಸ್ಥೆ ಐಬಸ್‌ನಲ್ಲಿ ಅದೇ ಕೆಜಿಪಿ ವಿನ್ಯಾಸ ಸಿಗುತ್ತದೆ. ನುಡಿಯ ಹಳೆಯ ಆಸ್ಕಿ ಕಡತಗಳನ್ನು ಮಾತ್ರ ಯುನಿಕೋಡ್‌ಗೆ ಪರಿವರ್ತಿಸಿಯೇ ಏರಿಸಬೇಕು.

ಯಾವುದನ್ನು ಹಾಕಿದರೂ

ಡೇಟಾಬೇಸಿನ ಅಕ್ಷರ ಸಂಕೇತ ಯುಟಿಎಫ್8ಎಂಬಿ4 ಆಗಿರಲಿ. ಕನ್ನಡ ವಿಳಾಸಗಳ ಬಗ್ಗೆ ಹುಷಾರು: ಯುನಿಕೋಡಿನ ಒಂದೊಂದು ಕನ್ನಡ ಚಿಹ್ನೆಗೂ 3 ಬೈಟ್, ವಿಳಾಸದಲ್ಲಿ ಅದು 9 ಅಕ್ಷರ. ‘ಮಂಗಳೂರು’ ಎಂದರೆ 7 ಚಿಹ್ನೆ, 63 ಅಕ್ಷರ. ವರ್ಡ್‌ಪ್ರೆಸ್ ವಿಳಾಸದಲ್ಲಿ ಲೇಖನದ ಹೆಸರಿನ ಭಾಗಕ್ಕೆ 200 ಅಕ್ಷರ ಮಾತ್ರ ಕೊಡುವುದರಿಂದ 22 ಚಿಹ್ನೆಗೇ ಜಾಗ ಮುಗಿದು ಉಳಿದದ್ದು ತುಂಡಾಗುತ್ತದೆ. ಲೇಖನದ ವಿಳಾಸವನ್ನು ಚಿಕ್ಕದಾಗಿ ನೀವೇ ಬರೆಯಿರಿ.

ಡೆಸ್ಕ್‌ಟಾಪಿಗೆ 600 ವಿಎ ಯುಪಿಎಸ್ ಬೇಕೇ ಬೇಕು. ಅದು ಕೊಡುವ ಕೆಲವು ನಿಮಿಷ ಸರಿಯಾಗಿ ಶಟ್‌ಡೌನ್ ಮಾಡುವುದಕ್ಕೆ, ಕೆಲಸ ಮುಂದುವರಿಸುವುದಕ್ಕಲ್ಲ. ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಕಡೆಗೆ ಹಾಕಿ, ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆದೀತು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆ ಲ್ಯಾನ್ ಕೇಬಲನ್ನೂ ತೆಗೆಯಿರಿ. ದಿನದ ಕೆಲಸ ಮುಗಿದಾಗ ಡೇಟಾಬೇಸಿನ ಎಸ್‌ಕ್ಯುಎಲ್ ಡಂಪ್ (ಪೂರ್ತಿ ನಕಲು) ತೆಗೆದು ಪೆನ್‌ಡ್ರೈವಿನಲ್ಲಿ ಇಡಿ.